‘ಬತ್ತೀನಿ’ ಅಂದು ಸೀಮೆಯ ಓಟಿಗೆ ಸಿಕ್ಕಿಕೊಂಡದ್ದು

ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ಇದನ್ನು ಮೊದಲು ಹೇಳಿಬಿಡುತ್ತೇನೆ, ಸೀಮೆಯ ಕತೆ ಆಮೇಲೆ. ತಲೆ ತುಂಬ ಕೂದಲು. ಅಗಲ ಹಣೆ, ಅದು ನನ್ನ ಯಜಮಾನರ ಕಡೆಯದು. ಅವರು ಇದ್ದಿದ್ದರೆ ಬೀದಿಯವರನ್ನೆಲ್ಲ ಕರೆದು ತೋರಿಸುತ್ತಿದ್ದರು. ನಿದ್ದೆಯಲ್ಲಿ ಎರಡೂ ಮುಷ್ಟಿ ಬಿಗಿ ಹಿಡಿದಿರುತ್ತಾಳೆ, ಬಿಡಿಸಲು ಹೋದರೆ ನನ್ನ ಬೆರಳನ್ನೇ ಹಿಡಿದುಕೊಳ್ಳುತ್ತಾಳೆ. ಈಗ ಬೋರಲು ಬೀಳುತ್ತಾಳೆ. ಬಿದ್ದು, ತಲೆಯೆತ್ತಿ, ಏನೋ ಭಾರಿ ಕೆಲಸ ಮುಗಿಸಿದವಳ ಹಾಗೆ ಸುತ್ತ ನೋಡುತ್ತಾಳೆ. ಭಾರಿ ಕೆಲಸವೇ ಹೌದು. ನಾನು ನೋಡಿದ ಹಡಗು, ರೈಲು, ಸೇತುವೆ ಯಾವುದೂ ಇದರ ಮುಂದೆ ಏನಲ್ಲ.

ಮಂಡ್ಯಕ್ಕೆ ಹೋದಾಗ ಬೀದಿಯಲ್ಲಿ ಸಿಕ್ಕವರು, “ಏನ್ ತಾಯಮ್ಮ, ಸೀಮೆ ಎಂಗಿತ್ತು?” ಎನ್ನುತ್ತಾರೆ. ನಾನು ಮಗುವಿನಿಂದ ಶುರು ಮಾಡುತ್ತೇನೆ. ಅವರು ಸಮಾಧಾನವಾಗಿ ಕೇಳಿಸಿಕೊಂಡು, ಮತ್ತೆ ಸೀಮೆ ಎನ್ನುತ್ತಾರೆ. ಅದಕ್ಕೇ ಬರೆದುಬಿಡೋಣ ಎಂದು ಕೂತಿದ್ದೇನೆ. ಮಳವಳ್ಳಿಯ ಹೆಣ್ಣುಮಕ್ಕಳ ಸ್ಕೂಲಿನಲ್ಲಿ ನಾಲ್ಕನೇ ಕ್ಲಾಸು ಮುಗಿಯುವ ಮುಂಚೆಯೇ ನನಗೆ ಮದುವೆಯಾಯಿತು. ಒತ್ತಕ್ಷರ ಅಲ್ಲಲ್ಲಿ ಜಾರುತ್ತದೆ, ತಿದ್ದಿಕೊಂಡು ಓದಿ. ಸಂತೋಷವನ್ನು ಹೇಳಿ ಆಯಿತು. ಇನ್ನು ಉಳಿದದ್ದು ಹೆಚ್ಚುಕಮ್ಮಿ ನಾಚಿಕೆಯ ಕತೆ.

ಮಂಡ್ಯ

ಸಕ್ಕರೆ ಕಾರ್ಖಾನೆಯ ಯಂತ್ರ ನೋಡಿಕೊಳ್ಳುತ್ತಿದ್ದ ಬಿಳಿ ದೊರೆಯೊಬ್ಬರ ಮನೆಯಲ್ಲಿ ನಾನು ಆಯಾ ಆಗಿದ್ದೆ. ಎಲ್ಸಿ, ಪೀಟರ್ ಎಂದು ಎರಡು ಮಕ್ಕಳು. ಎರಡನ್ನೂ ಹುಟ್ಟಿದಾಗಿನಿಂದ ಎತ್ತಿ ಆಡಿಸಿದವಳು ನಾನೇ. ಬೆಳಿಗ್ಗೆ ಬಂಗಲೆಗೆ ಹೋಗುವುದು, ಮಕ್ಕಳು ಮಲಗಿದ ಮೇಲೆ ಬಾಗಿಲಲ್ಲಿ ನಿಂತು “ಬತ್ತೀನಿ ಅಮ್ಮಾವ್ರೆ” ಎಂದು ಹೇಳಿ ಮನೆಗೆ ಬರುವುದು. ಎಷ್ಟೋ ವರ್ಷ ಹೀಗೇ ನಡೆಯಿತು. ದೊರೆಸಾನಿಗೆ ನಮ್ಮ ಮಾತು ಅಷ್ಟಿಷ್ಟು ಬರುತ್ತಿತ್ತು. ಬಾ, ಬೇಡ, ಹಾಲು, ತಪ್ಪು, ಬತ್ತೀನಿ, ಹೀಗೆ ಮಕ್ಕಳ ಬಾಯಿಂದ ಕಲಿತ ಮಾತು.

ದೊರೆ ಯುದ್ಧಕ್ಕೆ ಹೋದರು. ಯುದ್ಧ ಮುಗಿಯುವ ಲಕ್ಷಣ ಕಂಡಾಗ ದೊರೆಸಾನಿ ಮಕ್ಕಳೊಂದಿಗೆ ತಮ್ಮ ದೇಶಕ್ಕೆ, ಅಂದರೆ ಸೀಮೆಗೆ, ಹೊರಟರು. ಹಡಗಿನಲ್ಲಿ ಇಬ್ಬರನ್ನೂ ಒಬ್ಬಳೇ ಹಿಡಿಯಲಾರೆ, ನೀನು ಬಾ, ಬೇಸಿಗೆಯ ಮೊದಲ ಹಡಗಿಗೆ ನಿನ್ನನ್ನು ವಾಪಸು ಹತ್ತಿಸುತ್ತೇನೆ ಎಂದು ಮಾತು ಕೊಟ್ಟರು.

ಆ ಹೊತ್ತಿಗೆ ಬೆಸಗರಹಳ್ಳಿಗೆ ಕೊಟ್ಟಿದ್ದ ನನ್ನ ಒಬ್ಬಳೇ ಮಗಳು ಜಯ ಬಸುರಿ. ಚೊಚ್ಚಲು. ಮೊದಲ ಹೆರಿಗೆ ತವರಿನಲ್ಲಿ, ಬಾಣಂತನ ಹೆತ್ತವ್ವನ ಕೈಯಲ್ಲಿ. ಇದನ್ನು ನಮ್ಮ ಕಡೆ ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಗಂಡನಿಲ್ಲದ ನನ್ನ ಒಂದಂಕಣದ ಮನೆಯೇ ಅವಳ ತವರು. ಅದಕ್ಕೇ ಹೋಗಲೋ ಬೇಡವೋ ಎಂದು ಬೀಗಿತಿ ಕೆಂಪಮ್ಮನವರನ್ನು ಕೇಳಲು ಹೋದೆ. ಆಕೆ ಮೊರದಲ್ಲಿ ರಾಗಿ ಕೇರುತ್ತಿದ್ದವರು ಕೈ ನಿಲ್ಲಿಸದೆಯೇ ಹೇಳಿದರು. “ಓಗಿ ಬೀಗ್ತಮ್ಮ, ಯಾರ್ ಬ್ಯಾಡಂದರು. ಏಳು ತುಂಬೋದ್ರೊಳಗೆ ಬಂದು ಕರ್ಕೊಂಡೋಗಿ. ಆಮ್ಯಾಕೆ ನಮ್ ಸೊಸೆಗೆ ತವರು ಅನ್ನೋದೇ ಇಲ್ಲ ಅನ್ನಂಗೆ ಆಗ್ಬಾರ್ದು.”

ಜಯ ಮದ್ದೂರು ಸ್ಟೇಷನ್ನಿನವರೆಗೂ ಬಂದಿದ್ದಳು. ಅಳಲಿಲ್ಲ. ನಾನೂ ಅಳಲಿಲ್ಲ. ಬತ್ತೀನಿ ಕಣವ್ವ ಎಂದೆ. ರೈಲು ಹೊರಟಿತು.

ಹಡಗು

ಹಡಗಿನ ಬಗ್ಗೆ ಹೇಳಲು ನನಗೆ ಹೆಚ್ಚು ತಿಳಿಯದು, ಅರ್ಧ ದಾರಿ ನಾನು ಬಕೆಟ್ಟಿನ ಮುಂದೆ ಕೂತಿದ್ದೆ. ಮಕ್ಕಳು ಕುಣಿದಾಡುತ್ತಿದ್ದವು, ಅವನ್ನು ಹಿಡಿಯಲು ಬಂದ ಆಯಾ ಬಿದ್ದುಕೊಂಡಿದ್ದಳು. ಆರು ವರ್ಷದ ಎಲ್ಸಿಯೇ ನನ್ನ ಹಣೆಗೆ ಒದ್ದೆ ಬಟ್ಟೆ ಹಾಕುತ್ತಿತ್ತು. ನನ್ನ ನಾಚಿಕೆ ಅಲ್ಲಿಂದಲೇ ಶುರುವಾಯಿತು ಎಂದುಕೊಳ್ಳಿ.

ಒಂದು ದಿನ ಗಂಟೆ ಬಾರಿಸಿ ಎಲ್ಲರಿಗೂ ತೇಲುವ ದಿಂಬು ಕಟ್ಟಿಕೊಳ್ಳಲು ಹೇಳಿದರು. ಸುಮ್ಮನೆ ಅಭ್ಯಾಸಕ್ಕಂತೆ. ನನಗೆ ಅದು ತಿಳಿಯಲಿಲ್ಲ. ಹಡಗು ಮುಳುಗುತ್ತಿದೆ ಎಂದು ಎರಡೂ ಮಕ್ಕಳನ್ನು ಸೆರಗಿನಲ್ಲಿ ಸೊಂಟಕ್ಕೆ ಬಿಗಿದುಕೊಂಡು, ನಮ್ಮೂರ ದೇವರ ಹೆಸರು ಕೂಗುತ್ತ ಮೇಲಕ್ಕೆ ಓಡಿದೆ. ಮೇಲೆ ಎಲ್ಲರೂ ಸಾಲಾಗಿ ನಿಂತು ಹರಟುತ್ತಿದ್ದರು. ಆ ಗಂಟು ಬಿಚ್ಚಲು ಇಬ್ಬರು ಸಿಪಾಯಿಗಳು ಬೇಕಾದರು.

ದೊರೆಸಾನಿಯ ಊರು

ನಮ್ಮಲ್ಲಿ ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಬದನೆ ಎನ್ನುತ್ತೇವೆ. ಸೀಮೆಗೆ ಹೋದರೆ ಇವೆಲ್ಲ ರಾಶಿ ಬಿದ್ದಿರುತ್ತವೆ ಎಂದುಕೊಂಡಿದ್ದೆ. ಅಲ್ಲಿ ನೋಡಿದರೆ ಯಾವುದೂ ರಾಶಿ ಇಲ್ಲ. ಮೊಟ್ಟೆಗೆ ಸಾಲು, ಮೀನಿಗೆ ಸಾಲು. ಆ ಸಾಲಿನಲ್ಲಿ ಯಾರೂ ಯಾರನ್ನೂ ತಳ್ಳುವುದಿಲ್ಲ, ಬೈಯುವುದಿಲ್ಲ, ಮೋಡ ನೋಡಿ ಏನೋ ಹೇಳಿಕೊಳ್ಳುತ್ತಾರೆ ಅಷ್ಟೆ. ಮೊದಲ ದಿನ ನನಗೆ ಕಾಲು ನೋವು ಬಂದು ಸಾಲಿನಲ್ಲೇ ಕುಕ್ಕರುಗಾಲಲ್ಲಿ ಕೂತೆ. ಯಾರಿಗೋ ತಲೆ ಸುತ್ತಿದೆ ಎಂದು ಹತ್ತು ಜನ ಓಡಿಬಂದರು, ಒಬ್ಬಾಕೆ ನೀರು ತಂದರು. ನನಗೆ ಏನೂ ಆಗಿಲ್ಲ ಎಂದು ಹೇಳುವಷ್ಟು ಮಾತು ಬಾರದೆ ಆ ನೀರು ಕುಡಿದು, ಕಾಯಿಲೆಯವಳ ಹಾಗೆ ಎಲ್ಲರಿಗಿಂತ ಮುಂಚೆ ಮೀನು ಪಡೆದುಕೊಂಡು ಮನೆಗೆ ಬಂದೆ.

ಇನ್ನೊಂದು ಸಕ್ಕರೆಯದು. ಕಾರ್ಖಾನೆಯ ಹೊಗೆ ಮೂಗಿಗೆ ಬಡಿಯುವ ಊರಿನಿಂದ ಹೋದವಳು ನಾನು. ಟೀಗೆ ಮೂರು ಚಮಚ ಹಾಕಿಕೊಂಡೆ, ಮತ್ತೆ ಕುಡಿದಾಗ ಮತ್ತೆ ಮೂರು. ನಮ್ಮಲ್ಲೂ ಯುದ್ಧಕಾಲದ ರೇಷನ್ ಕಾರ್ಡು ಇದ್ದೇ ಇತ್ತು, ಆದರೆ ಬೆಲ್ಲ ಎಲ್ಲಾದರೂ ಸಿಗುತ್ತಿತ್ತು. ದೊರೆಸಾನಿ ಬರಿ ಟೀ ಕುಡಿಯುವುದನ್ನು ಕಂಡು ಅವರಿಗೆ ಸಿಹಿ ಸೇರುವುದಿಲ್ಲ ಎಂದುಕೊಂಡಿದ್ದೆ. ಮಂಡ್ಯದಲ್ಲಿ ಅವರು ಎಷ್ಟು ಸಿಹಿ ಕುಡಿಯುತ್ತಿದ್ದರು ಎಂದು ಒಂದು ದಿನ ಥಟ್ಟನೆ ನೆನಪಾಯಿತು. ನಾನು ತಿಂದದ್ದು ಅವರ ಪಾಲು. ಅವರು ಬಾಯಿಬಿಟ್ಟು ಹೇಳಿರಲಿಲ್ಲ. ಆವತ್ತಿನಿಂದ ನಾನೂ ಬರಿ ಟೀ.

ಬೇಸಿಗೆ ಬಂದ ಮೇಲೆ ಅಲ್ಲಿ ಹೊತ್ತೇ ಮುಳುಗುವುದಿಲ್ಲ. ಊಟವಾಗಿ, ಪಾತ್ರೆ ತೊಳೆದು, ಮಕ್ಕಳನ್ನು ಮಲಗಿಸಿದರೂ ಕಿಟಕಿಯಲ್ಲಿ ನಮ್ಮ ಸಂಜೆಯ ಬೆಳಕು. ದೀಪ ಹಚ್ಚುವ ಹೊತ್ತಾಗಲಿ, ಕೈ ಮುಗಿಯೋಣ ಎಂದು ಕಾದು ಕಾದು ನಾನೇ ನಿದ್ದೆ ಹೋಗುತ್ತಿದ್ದೆ. ಆ ಬೆಳಕಿನಲ್ಲಿ ದಿನ ಹೋಗುವುದೇ ತಿಳಿಯದು. ಜಯಳಿಗೆ ಎಷ್ಟು ತಿಂಗಳಾಯಿತು ಎಂದು ಮಾತ್ರ ಬೆರಳು ಮಡಿಚುತ್ತಿದ್ದೆ.

ಬೇಗ ಕರೆದ ಓಟು

ಸೀಮೆ ಕಡೆಗಿನ ಯುದ್ಧ ಗೆದ್ದಾಯಿತು. ಗಂಟೆ ಹೊಡೆದರು, ಬೀದಿಯಲ್ಲಿ ಬೆಂಕಿ ಹಾಕಿ ಕುಣಿದರು. ಇನ್ನೇನು ನನ್ನ ಹಡಗು ಎಂದುಕೊಂಡೆ. ಅಷ್ಟರಲ್ಲಿ ಅವರ ಮಂತ್ರಿಗಳಲ್ಲೆಲ್ಲ ದೊಡ್ಡವರು, ಯುದ್ಧ ಗೆಲ್ಲಿಸಿದವರು, ಓಟು ಈಗಲೇ ಎಂದರಂತೆ.

ದೊರೆಸಾನಿ ಅಡುಗೆಮನೆಯಲ್ಲಿ ಕೈಬೆರಳು ಎಣಿಸಿ ನನಗೆ ತಿಳಿಸಿಕೊಟ್ಟದ್ದು ಹೀಗೆ. ಯುದ್ಧ ನಡೆಯುವಷ್ಟು ಕಾಲ ಎಲ್ಲ ಪಾರ್ಟಿಯವರೂ ಒಟ್ಟಿಗೇ ಸಂಸಾರ ಮಾಡಿದ್ದರು. ಸುಗ್ಗಿಯ ಕಾಲದವರೆಗಾದರೂ ತಡೆಯಿರಿ ಎಂದು ಆಚೆ ಪಾರ್ಟಿಯವರು. ಜಪಾನಿನವರನ್ನೂ ಸೋಲಿಸಿದ ಮೇಲಾಗಲಿ, ಇಲ್ಲವೇ ಈಗಲೇ ಆಗಲಿ ಎಂದು ಈ ದೊಡ್ಡವರು. ಈಗಲೇ ಎಂದರೆ ಜನ ಇನ್ನೂ ಗೆದ್ದ ಖುಷಿಯಲ್ಲಿದ್ದಾರೆ, ಓಟು ತಮಗೇ ಬೀಳುತ್ತದೆ ಎಂಬ ಲೆಕ್ಕ. ನನಗೆ ಕೂಡಲೇ ಆಲೆಮನೆ ಕಣ್ಣಿಗೆ ಬಂತು. ಕೊಪ್ಪರಿಗೆಯಲ್ಲಿ ಪಾಕ ಉಕ್ಕುತ್ತಿರುತ್ತದೆ, ಬಣ್ಣ ಚೆನ್ನಾಗಿರುತ್ತದೆ, ಘಮಘಮ ಅನ್ನುತ್ತದೆ. ಅವಸರದವರು ಹದ ನೋಡದೆ ಅಚ್ಚಿಗೆ ಸುರಿದುಬಿಡುತ್ತಾರೆ. ಬೆಳಿಗ್ಗೆ ನೋಡಿದರೆ ಅಚ್ಚು ಕಟ್ಟಿರುವುದಿಲ್ಲ. ಇದನ್ನು ದೊರೆಸಾನಿಗೆ ಹೇಳುವಷ್ಟು ಧೈರ್ಯ ನನಗಿರಲಿಲ್ಲ, ಏಕೆಂದರೆ ಅವರ ತಂದೆಯೇ ಆ ದೊಡ್ಡವರ ಪಾರ್ಟಿಯಿಂದ ತಮ್ಮ ಊರಿನಲ್ಲಿ ನಿಂತಿದ್ದರು.

ಎರಡು ದಿನ ಬಿಟ್ಟು ದೊರೆಸಾನಿ ಹ್ಯಾಟು ಹಾಕಿಕೊಂಡು, ಅರ್ಧ ಕಟ್ಟಿದ ಪೆಟ್ಟಿಗೆಗಳ ನಡುವೆ ನಿಂತು ನನ್ನನ್ನು ಕರೆದರು. ಪಕ್ಕದ ಊರಿನ ಒಂದು ಸಂಸಾರ ಬೊಂಬಾಯಿಗೆ ಹೊರಟಿದೆ, ಅವರಿಗೆ ಆಯಾ ಬೇಕು, ಹಡಗು ಈ ವಾರವೇ. ತಾವಾದರೋ ಮಕ್ಕಳನ್ನು ಕಟ್ಟಿಕೊಂಡು ಓಟಿನ ಕೆಲಸಕ್ಕೆ ಅಪ್ಪನ ಊರಿಗೆ ಹೊರಟಿದ್ದಾರೆ. ಇಷ್ಟನ್ನೂ ಹೇಳಿ ಕೇಳಿದರು: “ತಾಯಮ್ಮ, ನೀನು ಹೋಗ್ತೀಯಾ? ಬರ್ತೀಯಾ? ನಿನ್ನ ಇಷ್ಟ.”

ನನಗೆ ಸಂತೋಷವೋ ಸಂತೋಷ. ಊರಿಗೆ ಹೊರಡುವವಳು ನಾನು, ಮನೆಯಲ್ಲಿ ತುಂಬಿದ ಬಸುರಿ. ಬಾಯಲ್ಲಿ ‘ಹೋಗ್ತೀನಿ’ ಎನ್ನುವ ಮಾತು ಹೇಗೆ ಬಂದೀತು? ಎರಡು ಕೈ ಮುಗಿದು, “ಬತ್ತೀನಿ ಅಮ್ಮಾವ್ರೆ” ಎಂದೆ.

ದೊರೆಸಾನಿ ಬಂದು ನನ್ನನ್ನು ಅಪ್ಪಿಕೊಂಡರು. ಅವರ ಹ್ಯಾಟು ಬಿತ್ತು. ಇಷ್ಟು ವರ್ಷದಲ್ಲಿ ಅವರು ನನ್ನನ್ನು ಮುಟ್ಟಿ ಮಾತಾಡಿಸಿದವರಲ್ಲ. ಬೀಳ್ಕೊಡುವುದು ಇವರಲ್ಲಿ ಹೀಗೇ ಇರಬೇಕು ಎಂದು ನಾನೂ ಅತ್ತುಕೊಂಡು ಅಪ್ಪಿಕೊಂಡೆ. ಆ ಸಂಸಾರದವರಿಗೆ ದೊರೆಸಾನಿಯ ಕಾಗದ ಟಪಾಲಿಗೆ ಹೋಯಿತು. ಮಾರನೆಯ ಸಂಜೆ ನನ್ನ ಟ್ರಂಕನ್ನು ಮಕ್ಕಳ ಪೆಟ್ಟಿಗೆಯ ಮೇಲೆ ಹೇರಿ ಹಗ್ಗ ಬಿಗಿಯುವುದನ್ನು ಕಂಡಾಗಲೇ, ನನ್ನ ‘ಬತ್ತೀನಿ’ ಅವರ ಕಿವಿಗೆ ‘ನಿಮ್ಮ ಜೊತೆ ಬರುತ್ತೇನೆ’ ಎಂದು ಬಿದ್ದಿದೆ ಎಂದು ನನಗೆ ತಿಳಿದದ್ದು. ಅಷ್ಟು ಹೊತ್ತಿಗೆ ಆ ಸಂಸಾರದವರಿಗೆ ಬೇರೆ ಆಯಾ ಗೊತ್ತಾಗಿದ್ದಳು.

ಆಗಲಾದರೂ ಹೇಳಬಹುದಿತ್ತು. ಆದರೆ ಅಪ್ಪಿಕೊಂಡಾಗ ನಾನೂ ಅಪ್ಪಿಕೊಂಡಿದ್ದೆನಲ್ಲ. ಆ ಮುಖಕ್ಕೆ, ಅದು ಹಾಗಲ್ಲ ಎನ್ನಲು ನಾಲಿಗೆ ಏಳಲಿಲ್ಲ.

ಮುದಿದೊರೆಯ ಊರು

ದೊರೆಸಾನಿಯ ತಂದೆಯನ್ನು ನಾನು ಮುದಿದೊರೆ ಎಂದು ಕರೆಯುತ್ತಿದ್ದೆ, ಮನಸ್ಸಿನಲ್ಲಿ. ಕೆಂಪು ಮುಖ, ದೊಡ್ಡ ದನಿ, ಮಕ್ಕಳನ್ನು ಕಂಡರೆ ಪ್ರಾಣ. ಅವರ ಮನೆಯ ಅಡುಗೆಯವಳು ಮೇಬಲ್. ನನ್ನದೇ ವಯಸ್ಸು. ನಾನು ಮೇಬಲ್ಲಮ್ಮ ಎನ್ನುತ್ತಿದ್ದೆ, ಆಕೆ ಅದಕ್ಕೆ ಓಗೊಡುತ್ತಿದ್ದಳು. ಆಕೆಗೆ ನನ್ನ ಮಾತು ಬಾರದು, ನನಗೆ ಆಕೆಯದು ಬಾರದು, ಆದರೂ ಆಲೂಗಡ್ಡೆ ಸುಲಿಯುತ್ತ ಇಡೀ ದಿನ ಮಾತಾಡುತ್ತಿದ್ದೆವು. ಮೇಬಲ್ಲಮ್ಮ ಮುದಿದೊರೆಗೆ ಹೊತ್ತಿಗೆ ಸರಿಯಾಗಿ ಬೇಯಿಸಿ ಹಾಕುತ್ತಿದ್ದಳು, ಓಟು ಮಾತ್ರ ಅವರಿಗಲ್ಲ ಎಂದು ಸೌಟು ಆಡಿಸಿ ನನಗೆ ತಿಳಿಸಿದ್ದಳು. ಮುದಿದೊರೆಗೂ ಅದು ಗೊತ್ತಿತ್ತು. ಸಾರು ಚೆನ್ನಾಗಿದ್ದ ದಿನ ಅಡುಗೆಮನೆಗೆ ತಲೆ ಹಾಕಿ ಏನೋ ಕೇಳುತ್ತಿದ್ದರು, ಆಕೆ ಇಲ್ಲ ಎಂದು ತಲೆಯಾಡಿಸುತ್ತಿದ್ದಳು, ಇಬ್ಬರೂ ನಗುತ್ತಿದ್ದರು. ನಮ್ಮಲ್ಲಾಗಿದ್ದರೆ ಅವತ್ತೇ ಸೌಟು ಕಿತ್ತುಕೊಂಡು ಕಳಿಸುತ್ತಿದ್ದರು.

ಮಗಳ ವಿಷಯ ಮೇಬಲ್ಲಮ್ಮನಿಗೆ ಹೊಟ್ಟೆಯ ಮೇಲೆ ಕೈ ದುಂಡಗೆ ಆಡಿಸಿ ತೋರಿಸಿದೆ. ಬೇಬಿ, ಶಿಪ್ಪು ಎಂದೆ. ಆಕೆ ಆಲೂಗಡ್ಡೆ ಕೆಳಗಿಟ್ಟು ನನ್ನನ್ನು ಬಹಳ ಹೊತ್ತು ನೋಡಿದಳು. ಮತ್ತೆ ಇಲ್ಲೇಕೆ ಕೂತಿದ್ದೀ ಎಂದು ಆ ಕಣ್ಣು ಕೇಳುತ್ತಿತ್ತು. ನಾನು ತಲೆ ತಗ್ಗಿಸಿದೆ.

ಒಂದು ಸಂಜೆ ದೊಡ್ಡ ಹಜಾರದಲ್ಲಿ ಮುದಿದೊರೆಯ ಭಾಷಣ. ಮಕ್ಕಳನ್ನು ಕರೆದುಕೊಂಡು ನಾನೂ ಹೋಗಿ ಮುಂದಿನ ಬೆಂಚಿನಲ್ಲಿ ಕೂತೆ. ಅವರ ಸಭೆಯಲ್ಲಿ ಹಾರವಿಲ್ಲ, ತಮಟೆಯಿಲ್ಲ. ಜನ ಕೋಟು ಹಾಕಿಕೊಂಡು ಕೂತು ಕೇಳುತ್ತಾರೆ, ಇಷ್ಟವಿಲ್ಲದಿದ್ದರೆ ಕೂತಲ್ಲಿಂದಲೇ ಏನಾದರೂ ಅನ್ನುತ್ತಾರೆ. ನನಗೆ ನಿದ್ದೆ ಹತ್ತುತ್ತಿದ್ದಾಗ ಮುದಿದೊರೆ ನನ್ನ ಕಡೆ ಕೈ ತೋರಿಸಿದರು. ದೊರೆಸಾನಿ ನನ್ನ ಭುಜ ಹಿಡಿದು ಮೇಲಕ್ಕೆ ಹತ್ತಿಸಿದರು. ಮುದಿದೊರೆ ಹೇಳಿದ್ದನ್ನು ಅವರು ನನ್ನ ಕಿವಿಯಲ್ಲಿ ತುಂಡು ತುಂಡಾಗಿ ಹೇಳಿದರು: ನಿನಗೆ ಊರಿಗೆ ಹಡಗು ಸಿಕ್ಕಿತ್ತು, ನೀನು ನಿನ್ನ ಇಷ್ಟದಿಂದಲೇ ನಮ್ಮ ಜೊತೆ ಬಂದೆ, ಇಂಥ ನಂಬಿಗಸ್ತರು ಇರುವುದರಿಂದಲೇ ನಮ್ಮ ರಾಜ್ಯ ನಿಂತಿದೆ ಎನ್ನುತ್ತಿದ್ದಾರೆ.

ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯಲ್ಲಿ ನನಗೆ ಭೂಮಿಗೆ ಇಳಿದುಹೋಗಬೇಕು ಅನಿಸಿತು. ಬೆಸಗರಹಳ್ಳಿಯಲ್ಲಿ ನನ್ನ ಮಗಳು ಬೆನ್ನು ಹಿಡಿದುಕೊಂಡು ದಾರಿ ನೋಡುತ್ತಿದ್ದಾಳೆ, ನಾನಿಲ್ಲಿ ಸಭೆಯ ಮುಂದೆ ಹೊಗಳಿಸಿಕೊಳ್ಳುತ್ತ ನಿಂತಿದ್ದೇನೆ, ಅದೂ ಒಂದು ತಪ್ಪು ತಿಳಿವಳಿಕೆಗೆ.

ಹಿಂದಿನ ಬೆಂಚಿನಿಂದ ತಲೆಗೆ ವಸ್ತ್ರ ಕಟ್ಟಿದ ಒಬ್ಬ ಹೆಂಗಸು ಎದ್ದು ನಿಂತಳು. ಏನೋ ಕೇಳಿದಳು. ಮುದಿದೊರೆಯ ಮುಖ ಇನ್ನೂ ಕೆಂಪಾಯಿತು. ದೊರೆಸಾನಿ ಮೆಲ್ಲಗೆ ಹೇಳಿದರು: “ನಿನ್ನ ಊರಲ್ಲಿ ನಿನಗೆ ಓಟು ಇದೆಯಾ ಅಂತ ಕೇಳ್ತಾಳೆ.”

ನಮ್ಮಲ್ಲಿ ಓಟು ಕಂದಾಯ ಕಟ್ಟುವವರದು, ಓದಿದವರದು. ಇಲ್ಲ ಎಂದು ಇಳಿದುಬಿಟ್ಟಿದ್ದರೆ ಮುಗಿಯುತ್ತಿತ್ತು. ಬಾಯಿ ನನ್ನ ಕೈಮೀರಿ ಹೋಯಿತು.

“ಓಟಿಲ್ಲ ಅಮ್ಮಾವ್ರೆ. ಮಗಳವಳೆ, ತುಂಬಿದ್ ಬಸ್ರಿ. ನಾನು ಊರ್ಗೇ ಒಂಟಿದ್ದೆ. ಓಯ್ತೀನಿ ಅನ್ನಬಾರ್ದು ಅಂತ ಬತ್ತೀನಿ ಅಂದೆ, ಅಷ್ಟೇಯ.”

ದೊರೆಸಾನಿಯ ಕೈ ನನ್ನ ಭುಜದ ಮೇಲೆ ಹಾಗೇ ತಣ್ಣಗಾಯಿತು. ಏನು ಹೇಳಿದಳು ಎಂದು ಜನ ಕಾಯುತ್ತಿದ್ದರು, ಅವರ ಅಪ್ಪನೂ ಕಾಯುತ್ತಿದ್ದರು. ದೊರೆಸಾನಿ ಜನರ ಕಡೆ ತಿರುಗಿ ಎರಡೇ ಮಾತು ಹೇಳಿದರು. ಥ್ಯಾಂಕ್ಯೂ ಎನ್ನುವುದು ನನಗೂ ಗೊತ್ತಿದ್ದ ಮಾತು. ಮತ್ತೆ ಚಪ್ಪಾಳೆ ಬಿತ್ತು.

ಮನೆಗೆ ಬಂದ ಮೇಲೆ ಅವರು ಅಡುಗೆಮನೆಗೆ ಬಂದು, ಮೇಬಲ್ಲಮ್ಮ ಕೂರುವ ಮಣೆಯ ಮೇಲೆ ಕೂತರು. “ದಿನಾ ಸಂಜೆ ನೀನು ಬತ್ತೀನಿ ಅಂತಿದ್ದೆ. ನಾಳೆ ಬರ್ತೀನಿ ಅಂತ ಮಾತು ಕೊಡ್ತೀಯ ಅಂದ್ಕೊಂಡಿದ್ದೆ” ಎಂದರು. ಇಷ್ಟು ವರ್ಷ ಪ್ರತಿ ಸಂಜೆ ನಾನು ಮಾತು ಕೊಟ್ಟು, ಪ್ರತಿ ಬೆಳಿಗ್ಗೆ ಅದನ್ನು ಉಳಿಸಿಕೊಳ್ಳುತ್ತೇನೆ ಎಂದು ಅವರು ನಂಬಿದ್ದರು. ನಗು ಬಂತು, ನಗಲಾಗಲಿಲ್ಲ. ಮಕ್ಕಳು ತುಂಟತನ ಮಾಡಿದಾಗ ಕೆನ್ನೆ ಬಡಿದುಕೊಂಡು ‘ತಪ್ಪಾಯ್ತು’ ಎನ್ನುವುದನ್ನು ನಾನೇ ಕಲಿಸಿದ್ದೆ. ದೊರೆಸಾನಿ ಎರಡು ಕೈಯಿಂದ ತಮ್ಮ ಎರಡು ಕೆನ್ನೆ ಮೆಲ್ಲಗೆ ಬಡಿದುಕೊಂಡರು. ನಾನು ಅವರ ಕೈ ಹಿಡಿದು ನಿಲ್ಲಿಸಿದೆ. ಅವರಿಗೂ ನಾಚಿಕೆ, ನನಗೂ ನಾಚಿಕೆ. ಮೇಬಲ್ಲಮ್ಮ ಮಾತ್ರ ನೆಟ್ಟಗೆ ನಿಂತಿದ್ದಳು. ಒಂದು ಲೋಟ ಟೀ ತಂದು ನನ್ನ ಮುಂದಿಟ್ಟಳು. ಕುಡಿದರೆ ಸಿಹಿ, ಮಂಡ್ಯದ ಸಿಹಿ. ಅದು ಆಕೆಯ ಪಾಲಿನ ಸಕ್ಕರೆ.

ಓಟಿನ ದಿನ

ಓಟು ಮುಗಿಯುವವರೆಗೆ ಬೇರೆ ಹಡಗು ಸಿಗಲಿಲ್ಲ. ಓಟಿಗೆ ಸಿಕ್ಕಿಕೊಂಡಿದ್ದೇನೆ, ತಡವಾಗುತ್ತದೆ ಎಂದು ಬೆಸಗರಹಳ್ಳಿಗೆ ಕಾಗದ ಬರೆದು ಹಾಕಿದೆ. ಓಟಿನ ದಿನ ಮೇಬಲ್ಲಮ್ಮ ಒಳ್ಳೆಯ ಕೋಟು ಹಾಕಿಕೊಂಡು ನನ್ನನ್ನೂ ಮಕ್ಕಳನ್ನೂ ಕರೆದುಕೊಂಡು ಒಂದು ಸ್ಕೂಲಿಗೆ ಹೋದಳು. ನಾವು ಹೊರಗೆ ನಿಂತೆವು. ಗಾಡಿಕಟ್ಟಿ ಕರೆತರುವವರಿಲ್ಲ, ಬಾಗಿಲಲ್ಲಿ ಕೈ ಹಿಡಿದು ಬೇಡಿಕೊಳ್ಳುವವರಿಲ್ಲ. ಅಡುಗೆಯವಳು ಒಳಗೆ ಹೋದಳು, ಹಿಂದೆಯೇ ಕಾರಿನಲ್ಲಿ ಬಂದ ಹೆಂಗಸು ಹೋದಳು. ಇಬ್ಬರಿಗೂ ಒಂದೇ ಸಾಲು. ಮೇಬಲ್ಲಮ್ಮ ಹೊರಗೆ ಬಂದು ನನ್ನ ಕೈ ಒಮ್ಮೆ ಗಟ್ಟಿಯಾಗಿ ಹಿಸುಕಿದಳು.

ಅವಸರದಲ್ಲಿ ಓಟು ಕರೆದರೆ ಏನಾಯಿತು, ಎಣಿಸುವುದಕ್ಕೆ ವಾರಗಟ್ಟಲೆ ಕಾಯಬೇಕಂತೆ. ಸಿಪಾಯಿಗಳು ಇನ್ನೂ ದೂರ ದೇಶಗಳಲ್ಲಿದ್ದರು. ಅವರ ಚೀಟಿ ಬರುವವರೆಗೆ ಪೆಟ್ಟಿಗೆಗೆಲ್ಲ ಬೀಗ. ಮುದಿದೊರೆ ಗೆಲ್ಲುತ್ತೇನೆ ಎಂದುಕೊಂಡು ಮಕ್ಕಳೊಂದಿಗೆ ಆಡುತ್ತಿದ್ದರು. ನಾನು ಓಟಿನ ಪೆಟ್ಟಿಗೆ ತೆರೆಯುವ ಮೊದಲೇ, ಬೊಂಬಾಯಿಗೆ ಹೋಗುವ ಇನ್ನೊಂದು ಸಂಸಾರಕ್ಕೆ ಆಯಾ ಆಗಿ ಹೊರಟೆ. ದೊರೆಸಾನಿ ಬಂದರಿನವರೆಗೂ ಬಂದರು. ತಮ್ಮ ಹಳೆಯ ಬೂಟು ನನ್ನ ಕಾಲಿಗೆ ತೊಡಿಸಿದ್ದರು, ಮೇಬಲ್ಲಮ್ಮ ಬಿಸ್ಕತ್ತಿನ ಡಬ್ಬಿ ಕಳಿಸಿದ್ದಳು. ಏಣಿಯ ಬುಡದಲ್ಲಿ ದೊರೆಸಾನಿಯೇ ಮೊದಲು ಹೇಳಿದರು. “ಬತ್ತೀನಿ, ತಾಯಮ್ಮ.” ಸರಿಯಾಗಿಯೇ ಹೇಳಿದರು. ಅವರು ಮತ್ತೆ ಬರುವುದಿಲ್ಲ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು.

ಕೆಂಪು ಸಮುದ್ರ

ಬರುವಾಗ ವಾಂತಿಯಾಗಲಿಲ್ಲ. ಮೈಯೆಲ್ಲ ಕಿವಿಯಾಗಿ ಊರ ಕಡೆಗೇ ಇತ್ತು. ನಾನು ನೋಡಿಕೊಳ್ಳಬೇಕಿದ್ದ ಹೊಸ ಸಂಸಾರದ ಕೂಸು ಅತ್ತಾಗಲೆಲ್ಲ ನನ್ನ ಎದೆ ಜುಮ್ಮೆನ್ನುತ್ತಿತ್ತು, ಇದೇ ಹೊತ್ತಿನಲ್ಲಿ ಅಲ್ಲಿಯೂ ಒಂದು ಅಳುತ್ತಿದೆಯೇನೋ ಎಂದು.

ಕೆಂಪು ಸಮುದ್ರದಲ್ಲಿ ಸೆಕೆ ತಾಳಲಾರದೆ ಎಲ್ಲರೂ ಮೇಲೆ ಮಲಗಿದ್ದ ಕಾಲದಲ್ಲಿ ಓಟಿನ ಸುದ್ದಿ ಬಂತು. ದೊಡ್ಡವರು ಸೋತಿದ್ದರು. ಹೊಸ ದೊರೆಸಾನಿ ಕರವಸ್ತ್ರ ಮುಖಕ್ಕೆ ಹಿಡಿದು ಕೂತರು. ಕೆಳಗಡೆ, ಕಲ್ಲಿದ್ದಲು ಹಾಕುವವರ ಕಡೆಯಿಂದ ಹಾಡು ಕೇಳಿಸಿತು. ಮುದಿದೊರೆಯ ಊರಿನಲ್ಲೂ ಅವರ ಪಾರ್ಟಿ ಸೋತಿದೆ ಎಂದು ಹೊಸ ದೊರೆಸಾನಿ ಹೇಳಿದರು. ನನಗೆ ಖುಷಿಯಾಗಲಿಲ್ಲ. ಆ ಕೆಂಪು ಮುಖ, ಪೀಟರನನ್ನು ಬೆನ್ನ ಮೇಲೆ ಕೂರಿಸಿಕೊಂಡು ಕುದುರೆಯಾಡುತ್ತಿದ್ದದ್ದು ನೆನಪಾಯಿತು. ಮೇಬಲ್ಲಮ್ಮ ಇವತ್ತು ಅವರಿಗೆ ಏನಾದರೂ ರುಚಿಯಾಗಿ ಮಾಡಿ ಹಾಕಿರುತ್ತಾಳೆ ಎಂದುಕೊಂಡೆ.

ಮದ್ದೂರಿನಿಂದ ಬೆಸಗರಹಳ್ಳಿಗೆ

ಆಷಾಢ ಮುಗಿಯುತ್ತ ಬಂದಿತ್ತು. ಮದ್ದೂರಿನಲ್ಲಿ ರೈಲು ಇಳಿದು ಇದ್ದಿಲು ಬಸ್ಸು ಹಿಡಿದೆ. ಯುದ್ಧಕಾಲದ ಬಸ್ಸು, ಹಿಂದೆ ಇದ್ದಿಲಿನ ಒಲೆ, ಏರು ಬಂದರೆ ನಿಂತುಬಿಡುತ್ತದೆ. ಗಂಡಸರು ಇಳಿದು ತಳ್ಳುತ್ತಿದ್ದಾಗ ಪಕ್ಕದಲ್ಲಿ ಕೂತಿದ್ದ ಹೆಂಗಸು ನನ್ನ ಬೂಟನ್ನೂ ಮುಖವನ್ನೂ ನೋಡಿ, “ನೀವು ನಮ್ಮ ಕೆಂಪಮ್ಮಾರ ಬೀಗ್ತಿ ಅಲ್ವರಾ, ಸೀಮೆಗೆ ಓಗಿದ್ದೋರು?” ಎಂದಳು. ಹೌದೆಂದೆ. “ನಿಮ್ಮ ಜಯಂಗೆ ಎಣ್ ಮಗ ಕಣಮ್ಮ. ಪಸಂದಾಗದೆ. ನಿಮ್ಗೆ ಗೊತ್ತಿಲ್ವಾ?”

ಬಸ್ಸಿಗೆಲ್ಲ ಗೊತ್ತಿತ್ತು. ಅಜ್ಜಿಗೆ ಗೊತ್ತಿರಲಿಲ್ಲ. ಸಂತೋಷ ಒಂದು ಕಣ್ಣಲ್ಲಿ, ನಾಚಿಕೆ ಒಂದು ಕಣ್ಣಲ್ಲಿ ಹರಿಯಿತು. ಏನು ಮಾಡಬೇಕೋ ತಿಳಿಯದೆ ಮೇಬಲ್ಲಮ್ಮನ ಡಬ್ಬಿ ತೆಗೆದು ಇಡೀ ಬಸ್ಸಿಗೆ, ತಳ್ಳುತ್ತಿದ್ದವರಿಗೂ ಸೇರಿಸಿ, ಬಿಸ್ಕತ್ತು ಹಂಚಿಬಿಟ್ಟೆ. ಮಗಳ ಮನೆಗೆ ಖಾಲಿ ಡಬ್ಬಿ ಹಿಡಿದುಕೊಂಡು ಹೋದೆ.

ಕೆಂಪಮ್ಮನವರು ಜಗುಲಿಯಲ್ಲಿ ಮಗುವಿನ ಬಟ್ಟೆ ಒಣಹಾಕುತ್ತಿದ್ದರು. ನನ್ನನ್ನು ಕಂಡು ಒಂದು ಬಟ್ಟೆಯನ್ನು ಎರಡು ಸಲ ಕೊಡವಿದರು.

“ಏನ್ ಬೀಗ್ತಮ್ಮ, ಓಟ್ ಆಕ್ಬುಟ್ ಬಂದ್ರಾ? ಯಾರ್ ಗೆದ್ರು?”

ನಾನು ಕಳಿಸಿದ ಕಾಗದ ಸೇರಿತ್ತು ಎಂದಾಯಿತು. ಆಕೆ ನನ್ನ ಕಾಲು ನೋಡಿ, “ಅದ ಬಿಚ್ಚಿ, ಕಾಲ್ ತೊಳ್ಕೊಂಡ್ ಬನ್ನಿ. ಬಾಣಂತಿ ಕ್ವಾಣೆ ಅದು, ಸೀಮೆ ಅಲ್ಲ” ಎಂದರು. ಮೂರು ತಲೆಮಾರಿನ ಬೈಗುಳ ಕಾದಿದೆ ಎಂದುಕೊಂಡಿದ್ದವಳಿಗೆ ಇಷ್ಟೇ ಸಿಕ್ಕಿದ್ದಕ್ಕೆ ಇನ್ನೂ ನಾಚಿಕೆಯಾಯಿತು. ನಾನು ಮಾಡಬೇಕಾದ ಕೆಲಸವನ್ನೆಲ್ಲ ಆಕೆ ಮಾಡಿದ್ದರು. ನಿದ್ದೆಗೆಟ್ಟ ಕಣ್ಣು ಒಳಗೆ ಹೋಗಿತ್ತು.

ಒಳಗೆ ಸಾಂಬ್ರಾಣಿ ಹೊಗೆ. ಜಯ ತಲೆಗೆ ಬಟ್ಟೆ ಕಟ್ಟಿಕೊಂಡು, ಗೋಡೆಯ ಕಡೆ ತಿರುಗಿ ಹಾಲು ಕುಡಿಸುತ್ತಿದ್ದಳು. ನನ್ನ ಹೆಜ್ಜೆ ಗುರುತು ಹಿಡಿದಳು, ತಿರುಗಲಿಲ್ಲ. ನಾನು ಬಾಗಿಲಲ್ಲೇ ನಿಂತೆ. ಹೇಳಬೇಕೆಂದು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತೆಲ್ಲ, ಮುದಿದೊರೆ, ಓಟು, ಹಡಗು, ಆ ಸಾಂಬ್ರಾಣಿಯಲ್ಲಿ ಬೆಲೆಯಿಲ್ಲದ ಮಾತುಗಳಾದವು.

“ಬತ್ತೀನಿ ಅಂತ ಏಳ್ಬುಟ್ ಓದ್ಯಲ್ಲವ್ವ,” ಎಂದಳು ಗೋಡೆಗೆ. “ನೋವು ಬಂದಾಗ್ಲೂ ಅತ್ತೆ ಕೈ ಇಡ್ಕಂಡು ಅದ್ನೇ ಏಳ್ತಿದ್ದೆ. ಅವ್ವ ಬತ್ತೀನಿ ಅಂದವ್ಳೆ, ಅವ್ವ ಬತ್ತೀನಿ ಅಂದವ್ಳೆ ಅಂತ.”

ಆಮೇಲೆ ಮಗುವನ್ನು ಬಿಡಿಸಿ, ಹಿಂದಕ್ಕೆ ತಿರುಗದೆಯೇ, ಭುಜದ ಮೇಲಿಂದ ನನ್ನ ಕಡೆಗೆ ಚಾಚಿದಳು. ನಾನು ಹಿಡಿದುಕೊಂಡೆ. ಬಿಸಿ ಬಿಸಿಯಾಗಿ, ಹಗುರಾಗಿ, ಮುಷ್ಟಿ ಬಿಗಿದುಕೊಂಡು. ಮಿಕ್ಕದ್ದನ್ನು ಮೊದಲೇ ಹೇಳಿದ್ದೇನೆ.

ಅವತ್ತು ಸಂಜೆ ಅಳಿಯ ಪುಟ್ಟಸ್ವಾಮಿ ಗದ್ದೆಯಿಂದ ಬಂದ. ಅವನ ಅಪ್ಪನೂ ಬಂದರು. ಬಾಣಂತಿಯ ಚಾಪೆಯನ್ನು ಕೋಣೆಯ ಹೊಸ್ತಿಲವರೆಗೆ ಎಳೆದು, ಅವಳಿಗೆ ಮೆಣಸು ಬೆಳ್ಳುಳ್ಳಿ ಸಾರಿನ ಅನ್ನ ಇಟ್ಟರು. ನಮಗೆ ಮುದ್ದೆ, ಹುರುಳಿಕಾಳಿನ ಉಪ್ಸಾರು. ಯಾವಾಗಲೂ ಬಡಿಸಿ ಕೊನೆಗೆ ಉಣ್ಣುವ ಕೆಂಪಮ್ಮನವರನ್ನು ಅಳಿಯ ಕೈ ಹಿಡಿದು ಕೂರಿಸಿದ, ಇವತ್ತು ಒಟ್ಟಿಗೆ ಎಂದ. ಸೀಮೆಯಲ್ಲಿ ಏನು ತಿನ್ನುತ್ತಾರೆ ಎಂದು ಬೀಗರು ಕೇಳಿದರು. ಆಲೂಗಡ್ಡೆ ಎಂದೆ. ಮೂರು ಹೊತ್ತೂ ಆಲೂಗಡ್ಡೆಯಾ ಎಂದರು. ಹೌದೆಂದೆ. ಪಾಪ ಎಂದರು. ಹೊಸ್ತಿಲ ಹತ್ತಿರ ಜಯ ನಕ್ಕದ್ದು ಕೇಳಿಸಿತು.

ಕೆಂಪಮ್ಮನವರು ತುತ್ತು ನುಂಗಿ ನನ್ನ ಕಡೆ ತಿರುಗಿದರು. “ಬೆಳಿಗ್ಗೆ ಮಗೀಗೆ ನೀರು ಉಯ್ಯೋರ್ ಯಾರು? ಮಂಡ್ಯಕ್ಕೆ ಓಯ್ತೀರೋ, ಏನ್ ಮಾಡ್ತೀರೋ, ನಂಗ್ ತಿಳಿಯಂಗೆ ಏಳ್ಬುಡಿ.”

ಹೋಗ್ತೀನಿ ಎನ್ನುವಂತಿಲ್ಲ, ಬತ್ತೀನಿ ಎನ್ನಲು ಧೈರ್ಯವಿಲ್ಲ. ಎಲ್ಲರೂ ತಣಿಗೆಯಲ್ಲಿ ಕೈಯಿಟ್ಟುಕೊಂಡು ಕಾಯುತ್ತಿದ್ದರು, ಜಯಳೂ.

“ಇರ್ತೀನಿ” ಎಂದೆ.

ಕೆಂಪಮ್ಮನವರು ಎಡಗೈ ಊರಿ ಎದ್ದು, ಇನ್ನೊಂದು ಮುದ್ದೆ ತಂದು ನನ್ನ ತಣಿಗೆಗೆ ಹಾಕಿ, ಮೇಲೆ ಸಾರು ಬಿಟ್ಟು, ತಮ್ಮ ಜಾಗಕ್ಕೆ ಹೋಗಿ ಕೂತರು. ನಾನು ತಲೆ ತಗ್ಗಿಸಿಕೊಂಡು, ಎಲ್ಲರ ನಡುವೆ ಕೂತು, ಅದನ್ನೂ ಉಂಡೆ.